ನಮ್ಮ ವಾರ್ಡಿನ ಮುಂದೆ ಎಳೆದ ಗೆರೆ

ಐದು ವರ್ಷದ ಹಿಂದೆ ನಮ್ಮ ವಾರ್ಡಿನಲ್ಲಿ ಮತದಾನ ನಡೆಯದಂತೆ ಮಾಡಿದವಳು ನಾನು. ಜುಬೇದಾಳ ನಾಮಪತ್ರ ವಾಪಸ್ಸಾದದ್ದು ಅವಳ ಇಚ್ಛೆಯಿಂದಲ್ಲ, ಅಧಿಕಾರಿಗಳ ತಪ್ಪಿನಿಂದಲೂ ಅಲ್ಲ. ಸುಳ್ಳು ಹೇಳಿ ಅವಳಿಂದ ಸಹಿ ಹಾಕಿಸಿಕೊಂಡೆ, ಆ ಕಾಗದವನ್ನು ನಾನೇ ಒಯ್ದು ಕೊಟ್ಟೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವ ಚಟ ನನಗಿದೆ — ನಡುವೆ ಎಲ್ಲಾದರೂ ಧೈರ್ಯ ಜಾರಿದರೆ ಮುಖ್ಯವಾದದ್ದೇ ಉಳಿದುಹೋಗುತ್ತದೆ.

ಬರುವ ಬುಧವಾರದ ವಾರ್ಡ್ ಸಭೆಯಲ್ಲಿ ನಿಮ್ಮೆದುರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ನೀಲಮ್ಮ, ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವವಳು. ಚೌಡಾಪುರದಲ್ಲಿ ಬಸ್ಸಿನಿಂದ ಇಳಿಯುವ ಪತ್ರಿಕೆಯ ಕಟ್ಟು ಬರುವವರೆಗೆ ಕಾಯುವುದು, ಬಂದ ಮೇಲೆ ಓದುವುದು, ಓದಲು ಬಾರದವರಿಗೆ ಓದಿ ಹೇಳುವುದು — ಇದು ನನ್ನ ಕೆಲಸ. ಮಧ್ಯಾಹ್ನ ಯಾರೂ ಇಲ್ಲದಾಗ ಕೂತಲ್ಲೇ ಕಣ್ಣು ಮುಚ್ಚುತ್ತೇನೆ, ಅದೂ ನಿಮಗೆ ಗೊತ್ತು. ಆ ಕಣ್ಣು ಮುಚ್ಚಿದ ಹೊತ್ತಿನಲ್ಲಿ ಏನು ಕಾಣುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಜುಬೇದಾ ಅಂದೋಲಾದಿಂದ ಮದುವೆಯಾಗಿ ಬಂದವಳು. ದರ್ಗಾ ಓಣಿಯಲ್ಲಿ ಅವಳ ಹೊಲಿಗೆ ಯಂತ್ರದ ಸದ್ದು ನಿಂತರೆ ಹಬ್ಬ ಮುಗಿಯಿತು ಎಂದೇ ಲೆಕ್ಕ. ಬಟ್ಟೆಯ ಅಳತೆ ಬರೆದುಕೊಳ್ಳಲು ಅಕ್ಷರ ಬೇಕೆಂದು ನನ್ನ ಬಳಿ ಬಂದಳು. ಹಳೆಯ ಪತ್ರಿಕೆಗಳ ಅಂಚಿನಲ್ಲಿ ತಿದ್ದಿ ತಿದ್ದಿ ಎರಡು ಮಳೆಗಾಲದಲ್ಲಿ ತಡವರಿಸಿಯಾದರೂ ಓದುವಂತಾದಳು. ಸಹಿ ಮಾತ್ರ ಬಹಳ ಚಂದ — ಕೊನೆಯ ದೀರ್ಘವನ್ನು ಉದ್ದಕ್ಕೆ ಎಳೆದು, ತಲೆ ಓರೆ ಮಾಡಿ ನೋಡುತ್ತಿದ್ದಳು. ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ಕಾಲ ಮುಗೀತ್ರಿ ನೀಲಕ್ಕ, ಎನ್ನುತ್ತಿದ್ದಳು. ನನಗೂ ಹೆಮ್ಮೆಯೇ ಇತ್ತು.

ಒಂದೇ ಸೀಟಿನ ವಾರ್ಡು ನಮ್ಮದು, ಆ ಸಲ ಮಹಿಳೆಗೆ ಮೀಸಲಾಯಿತು. ನೀರಿನ ಪೈಪು ದರ್ಗಾ ಓಣಿಯ ತನಕ ಬರಬೇಕೆಂದು ಜುಬೇದಾ ನಿಲ್ಲುವ ಮನಸ್ಸು ಮಾಡಿದಳು. ಸೂಚಕಿಯಾಗಿ ನಾಮಪತ್ರಕ್ಕೆ ಸಹಿ ಹಾಕಿದವಳು ನಾನು. ಮರುದಿನ ನನ್ನ ತಮ್ಮ ಬಸವರಾಜ ತನ್ನ ಹೆಂಡತಿ ಶಾಂತಾಳ ನಾಮಪತ್ರ ಕೊಟ್ಟ. ನಾನಿರುವುದು ಅವರ ಜೊತೆಗೇ. ಒಂದೇ ಒಲೆ, ಎರಡು ನಾಮಪತ್ರ — ಮೊದಮೊದಲು ನಾವೇ ನಗಾಡಿದೆವು.

ಆಮೇಲೆ ಹಿರಿಯರು ಕಟ್ಟೆಯ ಮೇಲೆ ಕೂತರು. ಎಲೆಕ್ಷನ್ ಎಂದರೆ ಮನೆ ಮನೆ ಒಡೆಯುತ್ತದೆ, ಈ ವಾರ್ಡಿನಲ್ಲಿ ಮೊದಲಿನಿಂದಲೂ ಅವಿರೋಧ, ಅದೇ ನಡೆಯಲಿ ಎಂದರು. ಅವಿರೋಧವೆಂದರೆ ಒಬ್ಬರೇ ಕಣದಲ್ಲಿ ಉಳಿಯುವುದು. ಮತದಾನವೇ ಇಲ್ಲದೆ ಅವರು ಮೆಂಬರ್ ಆಗುವುದು. ಉಳಿಯುವವರು ಯಾರು ಎಂದು ಯಾರೂ ಕೇಳಲಿಲ್ಲ. ದರ್ಗಾ ಓಣಿಯಿಂದ ಆ ಕಟ್ಟೆಗೆ ಯಾರನ್ನೂ ಕರೆದಿರಲೂ ಇಲ್ಲ.

"ಯಕ್ಕಾ, ಅಕಿ ನಿನ್ನ ಮಾತು ಕೇಳ್ತಾಳ. ಸೂಚಕಿ ನೀನೇ ಇದ್ದಿ, ಕಾಗದ ನೀನೇ ಕೊಡಬಹುದು," ಎಂದ ಬಸವರಾಜ.

ಅವನು ಹೆದರಿಸಿದ, ಮನೆಯಿಂದ ಹೊರಗೆ ಹಾಕುತ್ತೇನೆಂದ ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಬರುತ್ತಿತ್ತು. ಅಂಥದ್ದೇನೂ ನಡೆಯಲಿಲ್ಲ. ಮೆಂಬರರ ಮನೆಯವಳು ಎನಿಸಿಕೊಳ್ಳುವ ಆಸೆ ನನಗೇ ಇತ್ತು. ಮತ್ತೆ — ಇದನ್ನು ಬರೆಯಲು ಇನ್ನೂ ಕಷ್ಟ — ನಾನು ಅಕ್ಷರ ಕಲಿಸಿದ ಹುಡುಗಿ ಪಂಚಾಯತಿಯಲ್ಲಿ ಕುರ್ಚಿಯ ಮೇಲೆ ಕೂತು, ನಾನು ರಜೆಗೆ ಅವಳ ಮುಂದೆ ಅರ್ಜಿ ಹಿಡಿದು ನಿಲ್ಲುವುದು... ಅದನ್ನು ನನಗೆ ಸಹಿಸಲಾಗಲಿಲ್ಲ.

ವಾಪಸ್ಸು ಪಡೆಯುವ ಕೊನೆಯ ದಿನ, ಊಟದ ಹೊತ್ತು. ಅವಳು ಶಾಲೆಯ ಸಮವಸ್ತ್ರಕ್ಕೆ ಗುಂಡಿಯ ಕಾಜು ಹಾಕುತ್ತ ಕೂತಿದ್ದಳು. ಕಾಗದದ ಮೇಲಿನ ಅರ್ಧ ಮಡಚಿ ಮುಂದೆ ಹಿಡಿದೆ. ಚಿಹ್ನೆಯ ಕಾಗದ, ಲಗೂನ ಸಹಿ ಹಾಕು ಎಂದೆ.

"ಕೈಯಾಗ ಸೂಜಿ ಅದ, ನೀವೇ ಒಂದೀಟ ಓದಿ ಹೇಳ್ರಿ ನೀಲಕ್ಕ," ಎಂದಳು.

ಓದಿದೆ. ಅಲ್ಲಿ ಇಲ್ಲದ್ದನ್ನು ಓದಿದೆ. ಹೊಲಿಗೆ ಯಂತ್ರದ ಚಿಹ್ನೆ ನೀಡಬೇಕಾಗಿ ವಿನಂತಿ, ಎಂದು — ಪತ್ರಿಕೆ ಓದುವ ಅದೇ ದನಿಯಲ್ಲಿ, ತಡೆಯದೆ. ಅವಳು ಎರಡು ಕಡೆ ಸಹಿ ಮಾಡಿದಳು: ಒಂದು ವಾಪಸಾತಿಗೆ, ಇನ್ನೊಂದು ಆ ಕಾಗದವನ್ನು ನಾನು ಸಲ್ಲಿಸಬಹುದೆಂಬ ಒಪ್ಪಿಗೆಗೆ. ನಿಧಾನವಾಗಿ, ಚಂದ ಮಾಡಿ. ಮೂರು ಗಂಟೆಯ ಒಳಗೆ ಕೊಟ್ಟು ಬಂದೆ.

ಸಂಜೆ ಬೋರ್ಡಿನ ಮೇಲೆ ಶಾಂತಾಳ ಹೆಸರೊಂದೇ ಇತ್ತು. ಜುಬೇದಾ ಗ್ರಂಥಾಲಯಕ್ಕೆ ಓಡಿ ಬಂದಳು. ದಾರದ ತುಣುಕುಗಳು ಸೆರಗಿಗೆ ಅಂಟಿಕೊಂಡೇ ಇದ್ದವು.

"ನನ್ನ ಸಹಿ ಏನರ ತಪ್ಪಾತೇನ್ರಿ?"

ಆ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ನಾನು ಹುಡುಕಿಕೊಂಡು ಹೋಗಿದ್ದರೂ ಅಷ್ಟು ಅನುಕೂಲದ ಸುಳ್ಳು ಸಿಗುತ್ತಿರಲಿಲ್ಲ.

"ಹೌದವ್ವ. ಮೊದಲಿನ ಸಹಿಗಿ ಹೊಂದಲಿಲ್ಲಂತ," ಎಂದೆ.

ಅವಳು ನಂಬಿದಳು. ನನ್ನನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು.

ಮತದಾನದ ದಿನ ಬೇರೆ ವಾರ್ಡುಗಳಲ್ಲಿ ಸಾಲು, ನಮ್ಮಲ್ಲಿ ಬಿಸಿಲು. ದರ್ಗಾ ಓಣಿಯ ಹಿರಿಯರು ಮೌಲಾಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದ ವಾರ್ಡಿನ ಮತಗಟ್ಟೆಯಿದ್ದ ಶಾಲೆಯ ಬಾಗಿಲ ತನಕ ಬಂದಿದ್ದರು. ನಾನು ಅಲ್ಲೇ ಇದ್ದೆ. ನಿಮ್ಮದು ಅವಿರೋಧ, ಊರೆಲ್ಲ ಒಪ್ಪಿದ್ದಾರಂತೆ ಎಂದು ಸಿಬ್ಬಂದಿಯೊಬ್ಬರು ಮರ್ಯಾದೆಯಿಂದಲೇ ತಿಳಿಸಿದರು.

"ನಾ ಒಪ್ಪಿದ್ದು ಯಾವಾಗ್ರಿ?" ಎಂದು ಕೇಳಿ ಅವರು ಮನೆಗೆ ಹೋದರು.

ಎಣಿಕೆಯಾದ ಮೇಲೆ ವಾರ್ಡುವಾರು ಪಟ್ಟಿ ಅಂಟಿಸಿದರು. ಉಳಿದೆಲ್ಲ ವಾರ್ಡುಗಳ ಮುಂದೆ ಬಿದ್ದ ಮತಗಳು, ಶೇಕಡಾವಾರು. ನಮ್ಮ ವಾರ್ಡಿನ ಮುಂದೆ ಒಂದು ಅಡ್ಡಗೆರೆ. ಜನ ಮತಗಟ್ಟೆಗೇ ಬರುತ್ತಿಲ್ಲ, ಅರ್ಧ ಜನ ಮನೆಯಲ್ಲೇ ಕೂತರೆ ಆ ಸರ್ಕಾರ ಯಾರದ್ದು ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ನಾನು ನಿಮಗೆ ಗಟ್ಟಿಯಾಗಿ ಓದಿಯೂ ಹೇಳಿದ್ದೇನೆ. ಓದುವಾಗ ಆ ಗೆರೆ ಕಣ್ಣ ಮುಂದೆ ಬರುತ್ತಿತ್ತು. ಬೇರೆ ಕಡೆ ಬಾರದೆ ಇದ್ದವರು ತಾವಾಗಿಯೇ ಬೇಡವೆಂದು ಬಿಟ್ಟವರು. ನಿಮಗೆ ಬೇಡವೆನ್ನುವುದಕ್ಕೂ ನಾನು ಜಾಗ ಉಳಿಸಲಿಲ್ಲ. ಸೊನ್ನೆ ಬರೆಯುವುದಕ್ಕಾದರೂ ಒಂದು ಪೆಟ್ಟಿಗೆ ತೆರೆದಿರಬೇಕಲ್ಲ.

ಪೈಪು ನಮ್ಮ ಮನೆಯ ಮೂಲೆಗೆ ಬಂದು ನಿಂತಿತು. ದರ್ಗಾ ಓಣಿಯವರು ಕೇಳಲು ಬಂದಾಗಲೆಲ್ಲ ಬಸವರಾಜನ ಉತ್ತರ ಒಂದೇ: ಊರು ಒಪ್ಪಿ ಮಾಡಿದ ಮೆಂಬರ್, ಅವಸರ ಮಾಡಬೇಡಿ. ಶಾಂತಾ ಅವನು ತೋರಿಸಿದಲ್ಲಿ ಸಹಿ ಮಾಡಿದಳು. ನಾನು ಮಾಡಿದ್ದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ನಡೆಯದ ದಿನ ನಡೆಯುತ್ತದೆ. ಶಾಲೆಯ ಪಡಸಾಲೆ, ಬೇವಿನ ನೆರಳು. ನೀವೆಲ್ಲ ಸಾಲಿನಲ್ಲಿ ನಿಂತಿರುತ್ತೀರಿ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಸೆರಗು. ನಾನು ಹೆಸರು ಕರೆಯುತ್ತೇನೆ, ಒಬ್ಬೊಬ್ಬರೇ ಒಳಗೆ ಹೋಗುತ್ತೀರಿ, ಯಾರೂ ಹೊರಗೆ ಬರುವುದಿಲ್ಲ. ಸಾಲೂ ಸಣ್ಣದಾಗುವುದಿಲ್ಲ. ಎಲ್ಲೋ ದೂರದಲ್ಲಿ ಹೊಲಿಗೆ ಯಂತ್ರ ತಿರುಗುತ್ತಿರುತ್ತದೆ. ಬಹಳ ಹಿತವಾದ ಗಾಳಿ — ಹೇಳಲು ನಾಚಿಕೆಯಾಗುತ್ತದೆ, ಎಷ್ಟೋ ಸಲ ಆ ಕನಸಿನಿಂದ ಏಳುವುದೇ ನನಗೆ ಬೇಡವೆನಿಸಿದೆ. ಯಾರು ಗೆದ್ದರೆಂಬುದು ಅದರಲ್ಲಿ ಒಮ್ಮೆಯೂ ತಿಳಿದಿಲ್ಲ. ಜುಬೇದಾ ಸೋಲಲೂಬಹುದಿತ್ತು. ಸೋಲು ಅವಳದಾಗಿರುತ್ತಿತ್ತು, ನೀವು ಕೊಟ್ಟದ್ದಾಗಿರುತ್ತಿತ್ತು.

ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅವಳ ಹಿಂದೆ ನಿಂತಿದ್ದೆ. ಯಾವುದೋ ಅರ್ಜಿಗೆ ಸಹಿ ಕೇಳಿದರು. ಅವಳು ಪೆನ್ನು ಪಕ್ಕಕ್ಕೆ ಸರಿಸಿ ಹೆಬ್ಬೆರಳು ಮುಂದೆ ಚಾಚಿದಳು. ನಿನಗೆ ಸಹಿ ಬರುತ್ತದಲ್ಲ ಎಂದೆ. "ನನ್ನ ಸಹಿ ಹೊಂದಂಗಿಲ್ರಿ ನೀಲಕ್ಕ," ಎಂದಳು, ನಗುತ್ತಲೇ. ಎಷ್ಟು ಕಾಗದದ ಮೇಲೆ, ಎಷ್ಟು ಜನರೆದುರು ಅವಳು ಹೀಗೆ ಹೇಳಿರಬೇಕು. ಅಕ್ಕಿ ತೆಗೆದುಕೊಳ್ಳದೆ ಮನೆಗೆ ಬಂದೆ.

ಈಗ ಮತ್ತೆ ಚುನಾವಣೆ ಹತ್ತಿರ ಬಂದಿದೆ. ಕಟ್ಟೆಯ ಮೇಲೆ ಅದೇ ಅವಿರೋಧದ ಮಾತು ಶುರುವಾಗಿದೆ. ಮೊನ್ನೆ ನಾನು ಜುಬೇದಾಳ ಮನೆಗೆ ಹೋಗಿ, ಇಲ್ಲಿ ಬರೆದಷ್ಟನ್ನೂ ಹೇಳಿದೆ. ಅವಳು ಯಂತ್ರ ನಿಲ್ಲಿಸಲಿಲ್ಲ. ಕೊನೆಗೊಮ್ಮೆ ನಿಲ್ಲಿಸಿ, ಮುಖ ನೋಡದೆ ಕೇಳಿದಳು:

"ನನಗರ ಹೇಳಿದ್ರಿ. ಓಣಿಗಿ ಯಾರ್ ಹೇಳ್ತಾರ್ರಿ?"

ಆಮೇಲೆ ಮತ್ತೆ ಯಂತ್ರ ತಿರುಗಿಸತೊಡಗಿದಳು. ನಾನೇ ಎದ್ದು ಬಂದೆ.

ಆದ್ದರಿಂದ ಇದನ್ನು ಬರೆದೆ. ಬಸವರಾಜನಿಗೆ ನಿನ್ನೆ ತೋರಿಸಿದೆ. ಓದಿದ, ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಸಭೆಗೆ ಬಂದು ತಡೆಯಲೂಬಹುದು. ಕೆಲಸದಿಂದ ತೆಗೆಯಿರಿ ಎಂದರೆ ಕೀಲಿಕೈ ಆ ದಿನ ನನ್ನ ಜೊತೆಯಲ್ಲೇ ಇರುತ್ತದೆ, ಮೇಜಿನ ಮೇಲಿಡುತ್ತೇನೆ. ದೂರು ಕೊಡುವುದಾದರೆ ಈ ಹಾಳೆಗಳನ್ನೇ ಲಗತ್ತಿಸಿ. ಕ್ಷಮಿಸಿ ಎಂದು ಕೇಳುವುದಿಲ್ಲ; ಐದು ವರ್ಷ ನೀರು ಹೊತ್ತವರ ಮುಂದೆ ಆ ಮಾತು ಆಡಲು ನನ್ನ ನಾಲಿಗೆ ಹೊರಳುವುದಿಲ್ಲ.

ಓದಿ ಮುಗಿಸಿದ ಮೇಲೆ ನಾನು ಕೂತುಕೊಳ್ಳುವುದಿಲ್ಲ. ನಿಮಗೆ ಕೇಳಬೇಕೆನಿಸಿದ್ದನ್ನೆಲ್ಲ ಕೇಳಿ, ನಿಂತೇ ಉತ್ತರ ಕೊಡುತ್ತೇನೆ. ಜುಬೇದಾ ಬಂದಿದ್ದರೆ, ಮೊದಲು ಅವಳು ಮಾತಾಡಲಿ.