ಗಿಡ್ಡಿ ಎಂಬ ಇಂಗ್ಲಿಷ್ ಶಬ್ದ

ಶೈಲಜಾ ಮೇಡಂ ಎತ್ತರ ನಾಲ್ಕು ಅಡಿ ಎಂಟು ಇಂಚು. ಬೈಲಹೊಂಗಲದಿಂದ ದೊಡವಾಡದ ಕಡೆ ಹೋಗುವ ಬಸ್ಸಿನಲ್ಲಿ ಮೇಲಿನ ಸರಳಿಗೆ ಅವರ ಕೈ ಎಟುಕುವುದಿಲ್ಲ. ಹುಟ್ಟಿದ ಮನೆಯಲ್ಲಿ ಎದುರಿಗೇ ‘ಗಿಡ್ಡಿ’, ಕೊಟ್ಟ ಮನೆಯಲ್ಲಿ ಬೆನ್ನ ಹಿಂದೆ ‘ಗಿಡ್ಡಿ’. ಇಂಗ್ಲಿಷ್ ಕಲಿಸಿ ಮರ್ಯಾದೆಯಿಂದ ಬದುಕೋಣವೆಂದರೆ, ಆ ಹಾಳು ಭಾಷೆಯೂ ಒಂಬತ್ತನೆಯ ತರಗತಿಯ ಪಾಠದಲ್ಲಿ ಅದೇ ಶಬ್ದ ಇಟ್ಟುಕೊಂಡು ಕುಳಿತಿತ್ತು. ಹಬ್ಬದ ಹಿಂದಿನ ದಿನ ಮಕ್ಕಳೆಲ್ಲ ‘ಗಿಡ್ಡಿ’ (giddy) ಆದರಂತೆ!

ಎಂಟು ವರ್ಷ ಅವರು ಆ ಸಾಲನ್ನು ಹಾರಿಸುತ್ತಲೇ ಬಂದಿದ್ದರು. “ಇದು ಪರೀಕ್ಷಾದಾಗ ಬರೂದಿಲ್ಲ, ಮುಂದ ನಡೀರಿ” ಎಂದರೆ ಮುಗಿಯಿತು. ಮಕ್ಕಳು ಒಮ್ಮೆ ನಕ್ಕರೆ ಆ ಹೆಸರು ಶಾಲೆಯ ಗೋಡೆ ಹತ್ತುತ್ತದೆ, ಗೋಡೆಯಿಂದ ಊರಿಗೆ ಇಳಿಯುತ್ತದೆ. ಆಮೇಲೆ ಇಲ್ಲಿಯೂ ಗಿಡ್ಡಿಯೇ.

ಈ ಸಲ ಗ್ರಹಚಾರ ಕೆಟ್ಟಿತ್ತು. ಪಾಠ ನೋಡಲು ಬಂದ ಅಧಿಕಾರಿ ಮಡಿವಾಳೆಪ್ಪನವರು ಹಿಂದಿನ ಬೆಂಚಿನಲ್ಲಿ ಕುಳಿತು, ಪುಸ್ತಕದ ಮೇಲೆ ಬೆರಳಿಟ್ಟು ಕೇಳಿಯೇ ಬಿಟ್ಟರು. “ಮೇಡಂ, ಈ ಶಬ್ದ ಬಿಟ್ರಲ್ಲರಿ? ಮಕ್ಕಳಿಗೆ ಅರ್ಥ ಹೇಳ್ರಿ.”

ವಿಧಿಯಿಲ್ಲದೆ ಮೇಡಂ “ಗಿಡ್ಡಿ” ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು.

“ಸುಮ್ಮನಿರ್ರಿ! ಗಿಡ್ಡಿ ಅಂದ್ರ ತಲಿ ತಿರಗೂದು.”

“ಪಿತ್ತ ಆದಂಗರಿ?” ಎಂದ ಸಾಗರ.

“ಅಲ್ಲೋ! ಖುಷಿಗೆ ತಿರಗೂದು.”

“ಹಂಗಾರ ಕುಡದಂಗರಿ?”

ಮತ್ತೆ ನಗು. ನಿಘಂಟಿನಲ್ಲಿದ್ದುದೆಲ್ಲ ಅಲ್ಲಿಗೆ ಮುಗಿಯಿತು. ಸಿಟ್ಟು ನೆತ್ತಿಗೇರಿ ಮೇಡಂ ಧೊಪ್ಪನೆ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿಯನ್ನು ಯಾವ ದೈತ್ಯನಿಗೆ ಮಾಡಿಸಿದ್ದರೋ, ಅವರ ಕಾಲು ನೆಲದಿಂದ ಗೇಣು ಮೇಲೆಯೇ ತೂಗಾಡಿದವು. ಅಳು ಬರುವಷ್ಟು ಸಂಕಟವಾಯಿತು.

ಆಗ ಮೊದಲ ಬೆಂಚಿನ ಭಾಗ್ಯಾ ಎದ್ದು ನಿಂತಳು.

“ರೀ ಮೇಡಂ, ನಾಳೆ ನಾವು ತೊರಗಲ್ ಕ್ವಾಟಿಗೆ ಟ್ರಿಪ್ ಹೊಂಟೇವಲ್ರಿ. ಬುತ್ತಿ ಏನ್ ಕಟ್ಟಲಿ, ಯಾರ ಬಾಜೂಕ ಕುಂದರಲಿ ಅಂತ ನಿನ್ನೆಯಿಂದ ಮನ್ಯಾಗ ಕುಣ್ಯಾಕತ್ತೇನಿ. ಖುಷಿಗೆ ಕಾಲು ನೆಲಕ್ಕ ಹತ್ತವಲ್ವು ನೋಡ್ರಿ. ಅದ ಏನ್ರಿ ಗಿಡ್ಡಿ ಅಂದ್ರ?”

ಇಡೀ ತರಗತಿಯ ಕಣ್ಣು ಮೇಡಂ ಕಾಲಿನ ಮೇಲೆ ಬಿತ್ತು. ತಾನು ಆಡಿದ್ದು ಹೊಳೆದು ಭಾಗ್ಯಾಳೂ ನಾಲಗೆ ಕಚ್ಚಿಕೊಂಡಳು. ಇನ್ನೇನು ನಗುತ್ತಾರೆ ಎಂದು ಮೇಡಂ ಹಲ್ಲು ಕಚ್ಚಿ ಕಾದರು. ಯಾರೂ ನಗಲಿಲ್ಲ. ಟ್ರಿಪ್ಪಿನ ಹೆಸರು ಕೇಳಿದ್ದೇ ತಡ, ಬೆಂಚುಗಳ ಕೆಳಗೆ ಅಷ್ಟೂ ಮಕ್ಕಳ ಕಾಲು ಕುಣಿಯುತ್ತಿದ್ದವು.

“ಅದ ನೋಡವ್ವಾ,” ಎಂದರು ಮೇಡಂ. “ಎಲ್ಲಾರೂ ಬರಕೋರ್ರಿ.”

ಗಂಟೆ ಹೊಡೆದ ಮೇಲೆ ಮಡಿವಾಳೆಪ್ಪ ಸಾಹೇಬರು ಬಾಗಿಲಲ್ಲಿ ನಿಂತು, “ಅರ್ಥ ಚಲೋ ಕಲಿಸಿದ್ರಿ ಮೇಡಂ” ಎಂದರು.

“ನಾ ಎಲ್ಲಿ ಕಲಿಸೇನ್ರಿ ಸರ?” ಮೇಡಂಗೆ ಈಗ ತಮ್ಮ ಮೇಲೆಯೇ ಸಿಟ್ಟು. “ಎಂಟು ವರ್ಷ ಈ ಶಬ್ದಾನ ಮಕ್ಕಳಿಗೆ ಸಿಗಲಾರದಂಗ ಮುಚ್ಚಿಟ್ಟಿದ್ದೆ.”