ಪ್ರವೇಶ ಪರೀಕ್ಷೆಗೆ ನಾವೇ ಕೂತೆವು

ಜಯನಗರದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎಂ.ಎ. ಸೀಟುಗಳಿಗೆ ನಾವು ಪದವಿಯ ಅಂಕ ನೋಡಿ, ಬಂದವರನ್ನು ಕೂರಿಸಿಕೊಂಡು ಮಾತಾಡಿಸಿ ಆಯ್ಕೆ ಮಾಡುತ್ತಿದ್ದೆವು. ಹೋದ ವರ್ಷ ಪ್ರಾಂಶುಪಾಲರು ಹೊಸ ಪ್ರಸ್ತಾವ ತಂದರು: ಎಲ್ಲರಿಗೂ ಒಂದೇ ಪರೀಕ್ಷೆ, ಕಂಪ್ಯೂಟರಿನಲ್ಲಿ, ನಾಲ್ಕರಲ್ಲಿ ಒಂದು ಉತ್ತರ ಆರಿಸುವಂಥದ್ದು. ನಾನು ಬೇಡವೆಂದೆ. ಯೋಚನೆ ಮಾಡುವವರನ್ನು ಬಿಟ್ಟು ಟಿಕ್ ಹಾಕುವವರನ್ನು ಸೇರಿಸಿಕೊಂಡಂತಾಗುತ್ತದೆ ಎಂಬುದು ನನ್ನ ವಾದ.

ಬೇಕೇ ಬೇಕು ಎಂದವರು ಪಕ್ಕದ ಮೇಜಿನ ಮೇಡಂ. ಇಟ್ಟಮಡುವಿನ ಹಳೇ ಊರಿನವರು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. ಸಂಜೆ ಕತ್ರಿಗುಪ್ಪೆವರೆಗೆ ಇಬ್ಬರಿಗೂ ಒಂದೇ ಬಸ್ಸು. ಅಂದು ಸೀಟು ಸಿಕ್ಕಿದ್ದೇ ತಡ, ಶುರು ಮಾಡಿದರು.

"ಸಾರ್, ನೀವು ಮಾತಾಡ್ಸಿ ತಗೊಳ್ಳೋದು ಯಾರನ್ನ? ಚೆನ್ನಾಗಿ ಮಾತಾಡೋರನ್ನ. ಆವತ್ತು ನನ್ನ ಇಂಗ್ಲಿಷ್ ಕೇಳಿದ್ರೆ ಯಾರೂ ಎಂ.ಎ. ಸೀಟ್ ಕೊಡ್ತಿರ್ಲಿಲ್ಲ. ಎಂಟ್ರೆನ್ಸ್ ಪೇಪರ್‌ಗೆ ನನ್ನ ಮಾತು ಕೇಳಿಸ್ಲಿಲ್ಲ, ಅದಕ್ಕೇ ಒಳಗೆ ಬಂದೆ."

ನಾನು ಒಪ್ಪಲಿಲ್ಲ. ಕತ್ರಿಗುಪ್ಪೆ ಬರುವವರೆಗೂ ವಾದ ಮಾಡಿದೆವು.

ಮುಂದಿನ ಸಭೆಯಲ್ಲೂ ನಮ್ಮಿಬ್ಬರ ಜಗಳ ಮುಗಿಯದಿದ್ದಾಗ ಪ್ರಾಂಶುಪಾಲರಿಗೆ ರೇಗಿತು. "ಮೊದ್ಲು ನೀವಿಬ್ರೂ ಬರೀರಿ, ಆಮೇಲೆ ಮಾತಾಡೋಣ" ಎಂದರು. ತಮಾಷೆಯೆಂದುಕೊಂಡೆವು. ಶನಿವಾರ ನೋಡಿದರೆ ಲ್ಯಾಬಿನಲ್ಲಿ ನಮಗಾಗಿ ಕಂಪ್ಯೂಟರು ಹಚ್ಚಿಟ್ಟಿದ್ದರು, ಮೊಬೈಲನ್ನೂ ಹೊರಗಿಡಿಸಿದರು.

ಬೆಲೆಯೇರಿಕೆಯ ಬಗ್ಗೆ ಒಂದು ಪ್ರಶ್ನೆಗೆ, ನನ್ನ ಪ್ರಕಾರ, ಎರಡು ಉತ್ತರಗಳು ಸರಿ. ತರಗತಿಯಲ್ಲಾಗಿದ್ದರೆ ಇಡೀ ಪೀರಿಯಡ್ ಅದನ್ನೇ ಮಾತಾಡುತ್ತಿದ್ದೆ. ಇಲ್ಲಿ ಪ್ರಶ್ನೆ ಬರೆದವರಿಗೆ ಯಾವುದು ಬೇಕಿರಬಹುದೆಂದು ಊಹಿಸಿ, ಅದನ್ನು ಒತ್ತಿ ಮುಂದೆ ಹೋದೆ. ಮೇಡಂ ಪ್ರತಿ ಪ್ರಶ್ನೆಯನ್ನೂ ತುಟಿ ಅಲ್ಲಾಡಿಸುತ್ತ ಓದಿ, ಮತ್ತೆ ಓದುತ್ತಿದ್ದರು. ಅವರದು ಮುಗಿಯುವ ಮೊದಲೇ ಸಮಯ ಮುಗಿದು ಪರದೆ ಮುಚ್ಚಿಕೊಂಡಿತು.

ಫಲಿತಾಂಶ ಬಂದಾಗ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ಪರೀಕ್ಷೆ ಬೇಡವೆಂದ ನನಗೆ ಭರ್ಜರಿ ಅಂಕ. ಬೇಕೆಂದ ಅವರಿಗೆ ಸೀಟು ಸಿಗುವಷ್ಟೂ ಇಲ್ಲ.

"ನೋಡಿ ಮೇಡಂ, ಇಷ್ಟು ಚೆನ್ನಾಗಿ ಪಾಠ ಮಾಡೋರನ್ನ ಇದು ಹೊರಗೆ ಹಾಕ್ತು. ಇನ್ನೇನ್ ಬೇಕು ನಿಮ್ಗೆ?" ಎಂದೆ.

ಅವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. "ಅಯ್ಯೋ ಬಿಡಿ ಸಾರ್, ನಾನು ಓದ್ಕೊಂಡೇ ಬಂದಿರ್ಲಿಲ್ಲ. ಪಾಪ, ಪೇಪರ್ ಏನ್ ಮಾಡುತ್ತೆ?"

ಕೊನೆಗೆ ಪ್ರಾಂಶುಪಾಲರು ನಮ್ಮಿಬ್ಬರ ಕೈಯಲ್ಲೇ ನಿಯಮ ಮಾಡಿಸಿದರು: ಅರ್ಧ ಅಂಕ ಪರೀಕ್ಷೆಗೆ, ಅದಕ್ಕೆ ಸಮಯ ಧಾರಾಳ, ಅರ್ಧ ಮಾತುಕತೆಗೆ, ಅದು ಕನ್ನಡದಲ್ಲಾದರೂ ಸೈ.

ಈಗ ಹೊಸ ಬ್ಯಾಚು ಬಂದಿದೆ. ಪಾಠದ ನಡುವೆ ಕೈಯೆತ್ತಿ "ಅದ್ಹೆಂಗೆ ಸಾರ್?" ಎನ್ನುವವರು ನಾಲ್ಕೈದು ಜನರಿದ್ದಾರೆ, ತರಗತಿ ಮುಗಿಸಿ ಬರುವಾಗ ಮನಸ್ಸು ಹಗುರವಾಗಿರುತ್ತದೆ. ಅವರಲ್ಲಿ ಯಾರು ಪರೀಕ್ಷೆಯ ಬಲದಿಂದ ಬಂದವರು, ಯಾರು ಮಾತಿನ ಬಲದಿಂದ ಬಂದವರು ಎಂಬುದು ಅಂಕಪಟ್ಟಿ ಇಟ್ಟುಕೊಂಡಿರುವ ಮೇಡಂಗೆ ಗೊತ್ತು. ಕೇಳಿದರೆ ಹೇಳುವುದಿಲ್ಲ. "ನೀವೇ ಹೇಳಿ ನೋಡೋಣ" ಎನ್ನುತ್ತಾರೆ. ನಾನು ಹೇಳಿದ್ದು ಇನ್ನೂ ಒಂದೂ ಸರಿಯಾಗಿಲ್ಲ.