ವಾಸನೆಯಿಲ್ಲದ ಇಂಗು

೧೯೮೮ರ ಜುಲೈ ತಿಂಗಳು. ನೈರೋಬಿಯಲ್ಲಿ ಅದು ಸ್ವೆಟರ್ ಹಾಕಿಕೊಳ್ಳುವ ಕಾಲ. ನಾವಾಗ ಹೈರಿಡ್ಜ್ ಬಡಾವಣೆಯಲ್ಲಿದ್ದೆವು. ನಮ್ಮವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದರು. ಮೈಸೂರಿನಿಂದ ಅತ್ತೆ ಆರು ತಿಂಗಳು ಇರಲೆಂದು ಬಂದಿದ್ದರು. ಬರುವಾಗ ಹುಳಿಪುಡಿ, ಉಪ್ಪಿನಕಾಯಿಯ ಜೊತೆಗೆ ಗಟ್ಟಿ ಇಂಗನ್ನೂ ತಂದಿದ್ದರು. ಅದರ ವಾಸನೆ ಮನೆಯೆಲ್ಲ ಹರಡದಿರಲಿ ಎಂದು ನಾನದನ್ನು ಕ್ಯಾಮೆರಾ ರೀಲು ಬರುವ ಕಪ್ಪು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ನಮ್ಮವರಿಗೆ ಫೋಟೊ ತೆಗೆಯುವ ಹುಚ್ಚು. ಹಾಗಾಗಿ ಮನೆಯಲ್ಲಿ ಅಂಥ ಡಬ್ಬಿಗಳಿಗೆ ಬರವಿರಲಿಲ್ಲ.

ಆ ವಾರ ಆಸ್ಟ್ರೇಲಿಯಾದಿಂದ ಮಾರ್ಗರೆಟ್ ಎಂಬ ಸಂಶೋಧಕಿ ಬಂದು ನಮ್ಮ ಮನೆಯಲ್ಲಿ ಉಳಿದರು. ಚಿಕ್ಕ ಮಾಂಸಾಹಾರಿ ಪ್ರಾಣಿಗಳ ಬಗ್ಗೆ ಪೇಟೆಯಲ್ಲಿ ನಡೆಯುತ್ತಿದ್ದ ಸಭೆಗೆ ಬಂದಿದ್ದರು. ಅವರದು ಕ್ವೋಲ್ ಎಂಬ ಪ್ರಾಣಿ. ಬೆಕ್ಕಿನಷ್ಟು ಗಾತ್ರ, ಕಂದು ಮೈಮೇಲೆ ಬಿಳಿ ಚುಕ್ಕೆ, ಕಾಂಗರೂವಿನ ಹಾಗೆ ಮರಿ ಸಾಕಲು ಹೊಟ್ಟೆಯಲ್ಲಿ ಚೀಲ. ಆದರೆ ತಿನ್ನುವುದು ಮಾಂಸ. ರಾತ್ರಿಯೂಟದ ಹೊತ್ತಿಗೆ ನಮ್ಮವರು ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಯ್ಯೋ ಪಾಪ! ಮಕ್ಕಳನ್ನ ಹೊಟ್ಟೇಲಿ ಕಟ್ಕೊಂಡೇ ಬೇಟೆಗೆ ಹೋಗ್ಬೇಕೇನೋ?"

ನಮ್ಮವರು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಗರೆಟ್‌ಗೆ ಆ ಮಾತು ಬಹಳ ಹಿಡಿಸಿತು. ಅವರ ಊರಿನ ಒಂದು ಕಣಿವೆಯಲ್ಲಿ ಈ ಪ್ರಾಣಿ ಎಷ್ಟೋ ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಇಲ್ಲವೇ ಇಲ್ಲ ಎಂದುಕೊಂಡು ಅಲ್ಲಿನ ಮರ ಕಡಿಯಲು ಹೊರಟಿದ್ದರಂತೆ. ಇದೆ ಎಂದು ತೋರಿಸಲು ತಮ್ಮ ಹತ್ತಿರ ಒಂದೇ ಒಂದು ಸ್ಯಾಂಪಲ್ ಇದೆ, ಅದನ್ನು ನಾಳೆ ಸಭೆಗೆ ಬಂದಿರುವ ತಜ್ಞರು ಪರೀಕ್ಷೆ ಮಾಡುತ್ತಾರೆ ಎಂದರು. ಏನು ಸ್ಯಾಂಪಲ್ ಎಂದು ನಾನು ಕೇಳಿದೆ. ನಮ್ಮವರು ಮಡಿಯ ಅತ್ತೆಯ ಕಡೆ ಒಮ್ಮೆ ನೋಡಿ, "ಅದೇನೋ ಒಣಗಿದ್ದು" ಎಂದು ಮಾತು ಹಾರಿಸಿದರು.

ಸಾರಿನ ಘಮ ಯಾವುದರದು ಎಂದು ಮಾರ್ಗರೆಟ್ ಕೇಳಿದರು. ನಾನು ಜಂಬದಿಂದ ಇಂಗಿನ ಡಬ್ಬಿ ತಂದು ಮೂಸಿಸಿದೆ. ಅವರು ಕೆಮ್ಮಿ, ನಕ್ಕು, ಕಣ್ಣು ಒರೆಸಿಕೊಂಡರು. ಡಬ್ಬಿಯನ್ನು ಒಳಗಿಡುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ನಮ್ಮವರೂ ಮಾರ್ಗರೆಟ್ಟೂ ಗಡಿಬಿಡಿಯಲ್ಲಿ ಸಭೆಗೆ ಹೊರಟರು. ಮೇಜಿನ ಮೇಲೆ ಉಳಿದಿದ್ದ ಕಪ್ಪು ಡಬ್ಬಿಯನ್ನು ನಾನು ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅತ್ತೆ ಒಲೆಯ ಮೇಲೆ ಬೇಳೆಗಿಟ್ಟು, ಕುಟ್ಟಾಣಿಯಲ್ಲಿ ಇಂಗು ಕುಟ್ಟಲು ಕೂತಿದ್ದರು.

"ಸುಧಾ, ಬಾಮ್ಮ ಇಲ್ಲಿ. ಆ ಮಂಡ್ಯದ ಅಂಗಡಿ ಶೆಟ್ಟಿ ನಂಗೆ ಟೋಪಿ ಹಾಕ್ಬಿಟ್ಟ ಕಣೇ. ಈ ಇಂಗಿಗೆ ವಾಸನೇನೇ ಇಲ್ಲ. ಸಾಲದ್ದಕ್ಕೆ ಒಳಗೆ ಕೂದಲು ಬೇರೆ!"

ಬಗ್ಗಿ ನೋಡಿದೆ. ಒಣಗಿದ ಕಪ್ಪು ತುಂಡು ಎರಡು ಹೋಳಾಗಿತ್ತು. ಒಳಗೆ ಸಣ್ಣ ಮೂಳೆಯ ಚೂರು, ಕಂದು ಕೂದಲು. ಡಬ್ಬಿಯ ತಳದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಚೀಟಿಯಿತ್ತು. ಯಾವುದೋ ಕಣಿವೆಯ ಹೆಸರು, ಒಂದು ತಾರೀಖು, ಕೊನೆಗೆ "ಕ್ವೋಲ್?" ನಮ್ಮವರು ಯಾಕೆ ಮಾತು ಹಾರಿಸಿದ್ದರೆಂದು ಆಗ ಹೊಳೆಯಿತು. ಮಾರ್ಗರೆಟ್ ಕೂಡ ಸ್ಯಾಂಪಲನ್ನು ಅಂಥದೇ ರೀಲು ಡಬ್ಬಿಯಲ್ಲಿಟ್ಟಿದ್ದರು, ಗಡಿಬಿಡಿಯಲ್ಲಿ ಅದನ್ನು ಮೇಜಿನ ಮೇಲೆ ಬಿಟ್ಟು ನಮ್ಮ ಇಂಗಿನ ಡಬ್ಬಿ ಒಯ್ದಿದ್ದರು. ನಾವು ಸಾರಿಗೆ ಹಾಕಲು ಹೊರಟಿದ್ದದ್ದು ಆ ಪ್ರಾಣಿಯ ಹಿಕ್ಕೆ!

"ಅತ್ತೆ, ಇದು ಕೆಟ್ಟೋಗಿದೆ, ಬಿಡಿ. ಇವತ್ತು ಇಂಗಿಲ್ಲದ ಸಾರೇ ಆಗ್ಲಿ. ಕೈ ಮಾತ್ರ ಸೋಪು ಹಾಕಿ ತೊಳ್ಕೊಳಿ" ಎಂದು ಹೋಳುಗಳನ್ನೆಲ್ಲ ಡಬ್ಬಿಗೆ ತುಂಬಿ, ಒದ್ದೆ ಜಡೆಯಲ್ಲೇ ಓಡಿದೆ. ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನು ಹತ್ತಿ "ಹರಕಾ, ಹರಕಾ" ಎಂದು ಬಡಕೊಂಡೆ. ಬೇಗ ಹೋಗು ಅಂತ. ಮೊದಲೇ ಗಾಳಿಯಲ್ಲಿ ಹಾರುವ ಮಟಾಟುವಿಗೆ ಇನ್ನೂ ಜೋರಾಗಿ ಹೋಗು ಎಂದವಳು ಇಡೀ ನೈರೋಬಿಯಲ್ಲಿ ನಾನೊಬ್ಬಳೇ ಇರಬೇಕು. ಕಂಡಕ್ಟರ್, "ಪೋಲೆ ಪೋಲೆ, ಮಾಮಾ", ಅಂದರೆ ನಿಧಾನ ತಾಯಿ, ಎಂದು ನನಗೇ ಸಮಾಧಾನ ಹೇಳಿದ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಡಿನ ಜೀವವೇ ನನ್ನ ಮಡಿಲಲ್ಲಿದೆ ಎಂದು ಹೆದರುತ್ತಾ ಕೂತೆ.

ಸಭೆ ನಡೆಯುತ್ತಿದ್ದ ಕಟ್ಟಡದಲ್ಲಿ ಯಾವ ಕೋಣೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ನಮ್ಮ ಇಂಗಿನ ವಾಸನೆಯೇ ಮೆಟ್ಟಿಲ ತನಕ ಬಂದು ನನ್ನನ್ನು ಎದುರುಗೊಂಡಿತು. ಒಳಗೆ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಇಷ್ಟು ನಾರುವ ಪ್ರಾಣಿ ಯಾವುದು ಎಂದು ಚರ್ಚೆ ನಡೆದಿತ್ತು. ಮಾರ್ಗರೆಟ್ ಮಾತ್ರ ಬಿಳಿಚಿಕೊಂಡು ಕುರ್ಚಿಯಲ್ಲಿ ಕುಸಿದಿದ್ದರು. ನಾನು ಡಬ್ಬಿ ಮುಂದೆ ಹಿಡಿದೆ. ನಾಚಿಕೆಯಿಂದ ಸಾಯುವಂತಾಗಿ, "ನಮ್ಮತ್ತೆ ಇದನ್ನ ಕುಟ್ಟಿ ಒಡೆದುಬಿಟ್ಟರು. ಒಳಗೆ ಕೂದಲಿದೆ ಅಂದರು" ಎಂದು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ.

"ಕೂದಲಿದೆಯಾ?" ಎಂದು ಅವರು ಎದ್ದೇ ನಿಂತರು. ಹೇಗೂ ಅದನ್ನು ಒಡೆಯಲೇಬೇಕಿತ್ತಂತೆ. ಪ್ರಾಣಿ ತನ್ನ ಮೈ ನೆಕ್ಕುವಾಗ ಅದರದೇ ಕೂದಲು ಹೊಟ್ಟೆ ಸೇರುತ್ತದೆ, ಅದೇ ಸಾಕ್ಷಿಯಂತೆ. ನನ್ನನ್ನು ಅಪ್ಪಿಕೊಂಡು ಅತ್ತರು, ಆಮೇಲೆ ನಕ್ಕರು. ನಮ್ಮವರು ಮಾತ್ರ ಗೋಡೆ ಕಡೆ ತಿರುಗಿಕೊಂಡಿದ್ದರು. ಅವರ ಭುಜ ನಗುವಿನಿಂದ ಕುಣಿಯುತ್ತಿತ್ತು.

ಅತ್ತೆಗೆ ನಾವು ಏನೂ ಹೇಳಲಿಲ್ಲ. ಕುಟ್ಟಾಣಿಯನ್ನು ನಾನು ಗುಟ್ಟಾಗಿ ಮೂರು ಸಲ ತಿಕ್ಕಿ ತೊಳೆದು ಕುದಿಸಿದೆ. ನಾಲ್ಕು ತಿಂಗಳ ಮೇಲೆ ಮಾರ್ಗರೆಟ್‌ರ ಪತ್ರ ಬಂತು. ಕೂದಲು ಕ್ವೋಲ್‌ನದೇ, ಕಣಿವೆಯಲ್ಲಿ ಮರ ಕಡಿಯುವುದು ನಿಂತಿದೆ, ಅದನ್ನು ಮೊದಲು ಕಂಡ ಕಣ್ಣು ನಿಮ್ಮ ಅತ್ತೆಯದು, ಅವರಿಗೆ ನನ್ನ ನಮಸ್ಕಾರ ಹೇಳಿ ಎಂದು ಬರೆದಿದ್ದರು. ಇನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಹೆದರುತ್ತಲೇ ಎಲ್ಲವನ್ನೂ ಅತ್ತೆಗೆ ಹೇಳಿಬಿಟ್ಟೆ.

ಅತ್ತೆ ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡಿಕೊಂಡರು. ಈಗ ತಲೆಗೆ ಸ್ನಾನ, ಆಮೇಲೆ ಉಪವಾಸ ಎಂದುಕೊಂಡೆ.

"ಆ ಚೀಲದ ತಾಯಿ ಉಳ್ಕೊಂಡ್ಳಾ?" ಎಂದರು.

"ಉಳ್ಕೊಂಡ್ಳು ಅತ್ತೆ."

"ಹಾಗಾದ್ರೆ ಸರಿ ಬಿಡು. ಪಾಪ, ಮಂಡ್ಯದ ಶೆಟ್ರನ್ನ ಸುಮ್ನೆ ಬೈದೆ."

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನುತ್ತಾರೆ. ಈಗ ಅತ್ತೆ ಇಲ್ಲ. ಆದರೆ ಇವತ್ತಿಗೂ ಒಗ್ಗರಣೆಗೆ ಇಂಗು ಹಾಕುವ ಮೊದಲು ನಾನೊಮ್ಮೆ ಮೂಸಿ ನೋಡುತ್ತೇನೆ. ವಾಸನೆ ಮೂಗಿಗೆ ಬಡಿದಾಗ, ಎಲ್ಲೋ ದೂರದ ಕಣಿವೆಯಲ್ಲಿ ಮರಿಗಳನ್ನು ಹೊತ್ತು ಬೇಟೆಗೆ ಹೊರಟ ಚುಕ್ಕೆಯ ತಾಯಿ ನೆನಪಾಗಿ ನಗು ಬರುತ್ತದೆ. ಹಿಂದೆಯೇ ಅತ್ತೆ ನೆನಪಾಗಿ ಕಣ್ಣು ತುಂಬುತ್ತದೆ.